ಒಂದೇ ಮೈದಾನ, ಎರಡೇ ಗಂಟೆ: ಬಡಾವಣೆಯಲ್ಲಿ ಪಟಾಕಿಗೆ ಕಟ್ಟುಪಾಡು ಮಾಡುವುದು ಹೇಗೆ

ನಾವು ಮೊದಲ ವರ್ಷ ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಬೆಂಗಳೂರಿನ ಅಂಚಿನಲ್ಲಿರುವ ನಮ್ಮ ಬಡಾವಣೆಯ ಗೇಟಿಗೆ ಒಂದು ಹಾಳೆ ಅಂಟಿಸಿದೆವು. "ಈ ಬಾರಿ ಪಟಾಕಿ ಸಂಪೂರ್ಣ ನಿಷೇಧ. ದಯವಿಟ್ಟು ಸಹಕರಿಸಿ." ಕೆಳಗೆ ಸಂಘದ ಸೀಲು. ನರಕ ಚತುರ್ದಶಿಯ ಸಂಜೆ ಏಳೂವರೆಗೆ ಆ ಹಾಳೆಯ ಬುಡದಲ್ಲೇ ಯಾರೋ ಲಕ್ಷ್ಮಿ ಪಟಾಕಿ ಇಟ್ಟು ಹಚ್ಚಿದರು. ಹಾಳೆ ಅರ್ಧ ಸುಟ್ಟಿತು, ಹುಡುಗರು ಕೇಕೆ ಹಾಕಿದರು. ಉಳಿದವರು ಹಿಂದಿನ ಅಡ್ಡರಸ್ತೆಗೆ ಹೋಗಿ, ಹೋದ ವರ್ಷಕ್ಕಿಂತ ಜಾಸ್ತಿಯೇ ಹೊಡೆದರು.

ಆ ಅಡ್ಡರಸ್ತೆಯಲ್ಲಿ ಕರಿಯ ಅಂತ ಒಂದು ಬೀದಿನಾಯಿ ಇತ್ತು. ಹತ್ತು ಮನೆಯ ಅನ್ನ ತಿಂದು ಬೆಳೆದದ್ದು. ಆ ರಾತ್ರಿ ಓಡಿಹೋಯಿತು. ಮೂರನೇ ದಿನ ಎರಡು ಕಿಲೋಮೀಟರ್ ಆಚೆ, ನಿಂತಿದ್ದ ಟೆಂಪೋ ಅಡಿಯಲ್ಲಿ ಸಿಕ್ಕಿತು. ನಾಲ್ಕೂ ಪಾದದ ಚರ್ಮ ಸವೆದು ಕೆಂಪಗಾಗಿತ್ತು. ಹೆಸರು ಹಿಡಿದು ಕರೆದರೂ ಹೊರಗೆ ಬರಲಿಲ್ಲ. ಕೊನೆಗೆ ಮೂರನೇ ಮನೆಯ ಅಜ್ಜಿ ಬಂದು ರಸ್ತೆ ಮೇಲೆ ಕೂತು, "ಬಾರೋ ಮಗನೇ, ಮುಗೀತು ಬಾರೋ" ಅಂತ ಅರ್ಧ ಗಂಟೆ ಕರೆದ ಮೇಲೆ ಬಂತು.

ಮರುವರ್ಷದಿಂದ ನಿಷೇಧದ ಮಾತು ಬಿಟ್ಟೆವು. ಒಂದು ಜಾಗ, ಒಂದು ಹೊತ್ತು, ಒಬ್ಬ ಜವಾಬ್ದಾರ. ಈ ಮೂರನ್ನು ಗೊತ್ತು ಮಾಡಿದೆವು. ಎಲ್ಲರೂ ಕೇಳಿದರು ಅಂತ ಸುಳ್ಳು ಹೇಳುವುದಿಲ್ಲ, ಆದರೆ ಮುಕ್ಕಾಲು ಮನೆ ಕೇಳಿತು. ಅದು ಹೇಗೆ ಮಾಡಿದೆವು, ನೀವು ಮಾಡುವುದಾದರೆ ಯಾವ ಕ್ರಮದಲ್ಲಿ ಮಾಡಬೇಕು ಅನ್ನುವುದೇ ಈ ಬರಹ. ಅಪಾರ್ಟ್‌ಮೆಂಟು, ಬಡಾವಣೆ, ಹಳ್ಳಿ ಎಲ್ಲಕ್ಕೂ ಹೆಚ್ಚುಕಡಿಮೆ ಹೊಂದುತ್ತದೆ.

ಹೆಜ್ಜೆ 1: ಕಾನೂನು ಆಗಲೇ ಏನು ಹೇಳಿದೆ ನೋಡಿ

ನೀವು ಹೊಸದಾಗಿ ಕಾನೂನು ಮಾಡಬೇಕಿಲ್ಲ. ಇರುವುದನ್ನು ಒಂದು ಪುಟಕ್ಕೆ ಇಳಿಸಿಕೊಂಡರೆ ಸಾಕು. ಸಭೆಯಲ್ಲಿ ಯಾರಾದರೂ "ಯಾರು ಹೇಳಿದ್ದು?" ಅಂದಾಗ ಕೈಯಲ್ಲಿ ಆ ಪುಟ ಇರಬೇಕು.

ಹೊತ್ತಿನ ವಿಷಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಪಟಾಕಿ ಹೊಡೆಯುವ ಹಾಗಿಲ್ಲ. ಇದನ್ನು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ, 2000ದ ಶಬ್ದ ಮಾಲಿನ್ಯ ನಿಯಮಗಳಿಗೂ ಆಮೇಲೆ ಸೇರಿದೆ. 2018ರ ಅಕ್ಟೋಬರ್ 23ರಂದು ಪಟಾಕಿಯ ಬಗ್ಗೆಯೇ ಇದ್ದ ಅರ್ಜುನ್ ಗೋಪಾಲ್ ಪ್ರಕರಣದಲ್ಲಿ ಅದೇ ಕೋರ್ಟಿನ ತೀರ್ಪು ಬಂತು. ಆ ಅರ್ಜಿ ಹಾಕಿದ್ದು ದೆಹಲಿಯ ಮೂರು ಕೂಸುಗಳ ಹೆಸರಲ್ಲಿ. ಆಗ ಅವಕ್ಕೆ ಇನ್ನೂ ಸರಿಯಾಗಿ ನಡೆಯಲೂ ಬರುತ್ತಿರಲಿಲ್ಲ. ಆ ತೀರ್ಪಿನ ಪ್ರಕಾರ ದೀಪಾವಳಿಗೆ ರಾತ್ರಿ 8ರಿಂದ 10, ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆ ರಾತ್ರಿ 11.55ರಿಂದ 12.30. ಸರಪಟಾಕಿ ಇಲ್ಲ. ಬೇರಿಯಂ ಉಪ್ಪು (ಹಸಿರು ಬೆಳಕಿಗೆ ಬಳಸುವ ವಿಷದ ರಾಸಾಯನಿಕ) ಹಾಕಿದ್ದು ಇಲ್ಲ. ಆನ್‌ಲೈನ್ ಮಾರಾಟ ಇಲ್ಲ. ಮಾರಾಟ ಪರವಾನಗಿ ಇದ್ದವರಿಂದ ಮಾತ್ರ. "ಇದೆಲ್ಲ ದೆಹಲಿಗೆ, ನಮಗಲ್ಲ" ಅನ್ನುವವರು ಪ್ರತಿ ಸಭೆಯಲ್ಲೂ ಒಬ್ಬರಾದರೂ ಇರುತ್ತಾರೆ. 2023ರ ನವೆಂಬರ್‌ನಲ್ಲಿ ಕೋರ್ಟ್ ಅದಕ್ಕೂ ಉತ್ತರ ಕೊಟ್ಟಿತು. ಬೇರಿಯಂ ಮತ್ತು ಮಾಲಿನ್ಯದ ಆದೇಶಗಳು ದೇಶಕ್ಕೆಲ್ಲ ಅನ್ವಯ.

ಜಾಗದ ವಿಷಯ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲಲ್ಲೂ ಸದ್ದಿನ ಪಟಾಕಿ ಇಲ್ಲ. ನಿಮ್ಮ ಬಡಾವಣೆಯ ಮೂಲೆಯಲ್ಲಿ ನರ್ಸಿಂಗ್ ಹೋಂ ಇದ್ದರೆ, ಅರ್ಧ ಬಡಾವಣೆ ಅಲ್ಲಿಗೇ ಮುಗಿಯಿತು ಅನ್ನಿ.

ಸದ್ದಿನ ವಿಷಯ. ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ದಾಟುವ ಪಟಾಕಿಯನ್ನು ತಯಾರಿಸುವುದು, ಮಾರುವುದು, ಹೊಡೆಯುವುದು ಮೂರೂ 1999ರಿಂದ ನಿಷಿದ್ಧ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಮುಖ್ಯ. ನರಕ ಚತುರ್ದಶಿಯ ದಿನ ನಸುಕಿನಲ್ಲಿ ಎಣ್ಣೆಸ್ನಾನ ಮಾಡಿ ಮೊದಲ ಪಟಾಕಿ ಹಚ್ಚುವುದು ಹಳೆಯ ರೂಢಿ. ನಾಲ್ಕೂವರೆಗೆ ಹಂಡೆ ನೀರು ಕಾದಿರುತ್ತದೆ, ಐದಕ್ಕೆ ಢಂ. ಕಾನೂನಿನ ಲೆಕ್ಕದಲ್ಲಿ ಅದು ಇನ್ನೂ ರಾತ್ರಿ. ತಮಿಳುನಾಡು ಇದನ್ನೇ ಕೋರ್ಟಿನ ಮುಂದೆ ಇಟ್ಟು, ಒಟ್ಟು ಎರಡು ಗಂಟೆ ಮೀರದ ಹಾಗೆ ಹೊತ್ತು ಬದಲಿಸಿಕೊಳ್ಳಲು 2018ರಲ್ಲೇ ಅನುಮತಿ ಪಡೆಯಿತು. ಅವರು ಬೆಳಿಗ್ಗೆ 6ರಿಂದ 7, ಸಂಜೆ 7ರಿಂದ 8 ಅಂತ ಮಾಡಿಕೊಂಡರು. ನಮ್ಮಲ್ಲಿ ರಾತ್ರಿ 8ರಿಂದ 10. ನಸುಕಿನ ಶಾಸ್ತ್ರ ಬಿಡಲಾಗದವರಿಗೆ ನಾನು ಹೇಳುವುದು ಒಂದೇ. ಸುರುಸುರು ಬತ್ತಿ ಹಚ್ಚಿ. ಬೆಳಕಿನ ಹಬ್ಬಕ್ಕೆ ಅದೇನು ಕಡಿಮೆಯೇ? ಹಬ್ಬಕ್ಕೆ ಮುಂಚೆ ಸರ್ಕಾರ ಪ್ರತಿ ವರ್ಷ ಸುತ್ತೋಲೆ ಹೊರಡಿಸುತ್ತದೆ, ಆ ವರ್ಷದ್ದನ್ನು ನೋಡಿಯೇ ನಿಮ್ಮ ಪುಟ ಬರೆಯಿರಿ.

ಹೆಜ್ಜೆ 2: ಆರು ವಾರ ಮುಂಚೆ ಒಂದು ಸುತ್ತು ಹೊಡೆಯಿರಿ

ಗಣೇಶನನ್ನು ಬಿಟ್ಟ ಮೇಲಿನ ಭಾನುವಾರ ಇದಕ್ಕೆ ಒಳ್ಳೆಯ ದಿನ. ಒಂದು ನೋಟ್‌ಬುಕ್ ಹಿಡಿದು ನಡೆಯಿರಿ. ಜೊತೆಗೆ ಎಂಟನೇ ಕ್ಲಾಸಿನ ಇಬ್ಬರು ಮಕ್ಕಳನ್ನು ಕರೆದುಕೊಳ್ಳಿ. ಯಾವ ಮನೆಯಲ್ಲಿ ನಾಯಿ ಇದೆ, ಯಾವ ಗೂಡಲ್ಲಿ ಬೆಕ್ಕು ಮರಿ ಹಾಕಿದೆ ಅನ್ನುವುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಬರೆದುಕೊಳ್ಳಬೇಕಾದದ್ದು: ಹಸುಗೂಸು ಇರುವ ಮನೆ, ಉಬ್ಬಸದವರು, ಹೃದಯದ ತೊಂದರೆ ಇರುವ ಹಿರಿಯರು, ಸದ್ದು ತಡೆಯಲಾಗದ ಆಟಿಸಂ ಮಕ್ಕಳು. ಟ್ರಾನ್ಸ್‌ಫಾರ್ಮರ್, ಗುಜರಿ ಅಂಗಡಿ, ಗ್ಯಾಸ್ ಗೋಡೌನ್, ಒಣಹುಲ್ಲಿನ ಬಣವೆ. ನಾಯಿಗಳು ಎಲ್ಲಿ ಮಲಗುತ್ತವೆ. ಹಾಲಿನವರ ಕೊಟ್ಟಿಗೆ ಎಲ್ಲಿ. ಸಂಜೆ ಹಕ್ಕಿಗಳು ಯಾವ ಮರದಲ್ಲಿ ಕೂರುತ್ತವೆ. ನಮ್ಮಲ್ಲಿ ಒಂದು ಮಳೆಮರ ಇದೆ. ಆರೂಕಾಲಿಗೆ ಅದರ ಕೆಳಗೆ ನಿಂತರೆ ಗೊರವಂಕಗಳ ಗಲಾಟೆಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಹೋದ ವರ್ಷಗಳಲ್ಲಿ ಎಲ್ಲರೂ ರಾಕೆಟ್ ನಿಲ್ಲಿಸುತ್ತಿದ್ದ ಬಾಟಲಿ ಆ ಮರದ ಬುಡದಲ್ಲೇ ಇರುತ್ತಿತ್ತು! ಯಾರೂ ಬೇಕಂತ ಮಾಡಿದ್ದಲ್ಲ. ತಲೆ ಎತ್ತಿ ನೋಡಿರಲಿಲ್ಲ, ಅಷ್ಟೇ.

ಹಕ್ಕಿಗೆ ಏನಾಗುತ್ತದೆ ಅನ್ನುವವರಿಗೆ: ನೆದರ್‌ಲ್ಯಾಂಡ್ಸ್‌ನಲ್ಲಿ ಮಳೆ ನೋಡುವ ರೇಡಾರ್ ಇಟ್ಟುಕೊಂಡೇ ಹೊಸ ವರ್ಷದ ರಾತ್ರಿಯ ಹಕ್ಕಿಗಳನ್ನು ನೋಡಿದ್ದಾರೆ. ಹನ್ನೆರಡು ಹೊಡೆದ ಕೆಲವೇ ನಿಮಿಷಕ್ಕೆ ಸಾವಿರಾರು ಹಕ್ಕಿ ನಿದ್ದೆಗಣ್ಣಲ್ಲಿ ಎದ್ದು, ನೂರಾರು ಮೀಟರ್ ಎತ್ತರಕ್ಕೆ ಹಾರಿದ್ದು ಅದರಲ್ಲಿ ಕಾಣಿಸಿದೆ. ಕತ್ತಲಲ್ಲಿ ಹಾರುವ ಅಭ್ಯಾಸ ಇಲ್ಲದ ಹಕ್ಕಿ ತಂತಿಗೋ ಗೋಡೆಗೋ ಬಡಿಯುತ್ತದೆ. ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ವೆಟ್ಟಂಗುಡಿ ಪಕ್ಷಿಧಾಮದ ಪಕ್ಕ ಕೊಳ್ಳುಕುಡಿಪಟ್ಟಿ ಅಂತ ಹಳ್ಳಿ ಇದೆ. ವಲಸೆ ಹಕ್ಕಿಗಳು ಬರುತ್ತವೆ ಅಂತ ಅಲ್ಲಿಯವರು ದಶಕಗಳಿಂದ ದೀಪಾವಳಿಗೆ ಪಟಾಕಿಯನ್ನೇ ಹೊಡೆಯುವುದಿಲ್ಲ. ಯಾವ ಕೋರ್ಟೂ ಅವರಿಗೆ ಹೇಳಿರಲಿಲ್ಲ.

ಹೆಜ್ಜೆ 3: ಮೈದಾನ ಆರಿಸಿ

ಎಲ್ಲರೂ ಸೇರಿ ಒಂದೇ ಕಡೆ ಹೊಡೆಯುವ ಸಲಹೆ ನನ್ನದಲ್ಲ, 2018ರ ತೀರ್ಪಿನಲ್ಲೇ ಇದೆ. ಅಂಥ ಜಾಗ ಮೊದಲೇ ಗೊತ್ತುಮಾಡಿ ಜನಕ್ಕೆ ತಿಳಿಸಿ ಅಂತ ಅದು ಹೇಳುತ್ತದೆ. ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ ಹೆಜ್ಜೆ ಇದೇ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಬಯಲಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 4 ಮೀಟರ್‌ನಲ್ಲಿ 125 ಇದ್ದದ್ದು 8 ಮೀಟರ್‌ನಲ್ಲಿ 119, 16ರಲ್ಲಿ 113, 32ರಲ್ಲಿ 107, 64ರಲ್ಲಿ 101. ಅಂದರೆ ಕಾನೂನಿನ ಮಿತಿಯೊಳಗಿನ ಪಟಾಕಿಯೇ 64 ಮೀಟರ್ ಆಚೆಯ ಕಿಟಕಿಗೆ 100 ಡೆಸಿಬಲ್‌ನಷ್ಟು ಬಡಿಯುತ್ತದೆ. ಮನೆಗಳಿರುವ ಪ್ರದೇಶಕ್ಕೆ ಹಗಲಿನ ಮಿತಿ 55. ಒಂದು ಕ್ಷಣದ ಢಂ ಬೇರೆ, ದಿನವಿಡೀ ಇರುವ ಸರಾಸರಿ ಸದ್ದು ಬೇರೆ, ಒಪ್ಪುತ್ತೇನೆ. ಆದರೂ ಅಂತರ ಎಷ್ಟಿದೆ ನೋಡಿ. ಎರಡೂ ಕಡೆ ಮೂರಂತಸ್ತಿನ ಗೋಡೆ ಇರುವ 30 ಅಡಿ ರಸ್ತೆಯಲ್ಲಿ ಸದ್ದು ಇಳಿಯುವುದೂ ಇಲ್ಲ, ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಹಾಗಾಗಿ ರಸ್ತೆ ಬೇಡ, ಬಯಲೇ ಬೇಕು. ಹತ್ತಿರದ ಮನೆಯಿಂದ 100 ಮೀಟರ್ ಸಿಕ್ಕರೆ ಬಹಳ ಒಳ್ಳೆಯದು. ಸಿಗದಿದ್ದರೆ 50 ಮೀಟರ್ ಇಟ್ಟುಕೊಂಡು ಬಾಂಬು ಬಿಟ್ಟು ಬರಿ ಬೆಳಕಿನವು ಅಂತ ಮಾಡಿ.

ಶಾಲೆಯ ಮೈದಾನ ಕೇಳಲು ಹೋಗಬೇಡಿ. ಅದು ನಿಶ್ಶಬ್ದ ವಲಯ. ಕೆರೆ ಏರಿಯೂ ಬೇಡ, ಹಕ್ಕಿಗಳಿರುವುದೇ ಅಲ್ಲಿ. ಮೇಲೆ ಹೈಟೆನ್ಶನ್ ತಂತಿ ಇರುವ ಖಾಲಿ ಸೈಟು ಬೇಡ. ಒಣಹುಲ್ಲು ಇದ್ದರೆ ವಾರ ಮುಂಚೆ ಕೀಳಿಸಿ. ಕಿತ್ತದ್ದನ್ನು ಅಲ್ಲೇ ಸುಡಬೇಡಿ.

ಹೆಜ್ಜೆ 4: ಸಭೆ, ಅಲ್ಲಿ ಬರುವ ಮಾತು

ನೋಟ್‌ಬುಕ್ ಹಿಡಿದು ಸಭೆಗೆ ಹೋಗಿ. ಮೊದಲ ಮಾತು ಯಾವಾಗಲೂ ಇದೇ: "ನಮ್ಮ ಹಬ್ಬಕ್ಕೇ ಯಾಕೆ ಸಾರ್ ಇದೆಲ್ಲ?"

ಈ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಕೇಳುವವರಲ್ಲಿ ಅರ್ಧ ಜನಕ್ಕೆ ನಿಜವಾದ ಬೇಸರವೇ ಇರುತ್ತದೆ. ಉತ್ತರ ಒಂದೇ. ಕಟ್ಟುಪಾಡು ಹಬ್ಬಕ್ಕಲ್ಲ, ಪಟಾಕಿಗೆ. ಹೊಸ ವರ್ಷ, ಕ್ರಿಕೆಟ್ ಗೆಲುವು, ಚುನಾವಣೆ ವಿಜಯೋತ್ಸವ, ಮದುವೆ ದಿಬ್ಬಣ, ಎಲ್ಲಕ್ಕೂ ಅದೇ ಮೈದಾನ ಅಂತ ಠರಾವಿನಲ್ಲೇ ಬರೆಯಿರಿ. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿತ್ತು. ಹಬ್ಬದ ಹಂಗಾಮಿಗೆ ಕೆಲಸಕ್ಕೆ ಬಂದಿದ್ದ ತಮಿಳುನಾಡಿನ ಎಳೆಯ ಹುಡುಗರೇ ಸತ್ತವರಲ್ಲಿ ಹೆಚ್ಚು. ಆ ದಿನದ ಲೆಕ್ಕ 14, ಆಮೇಲೆ ಇನ್ನೂ ಏರಿತು. ಅದಾದ ಮೇಲೆ ರಾಜ್ಯ ಸರ್ಕಾರ ಮದುವೆ, ಗಣೇಶೋತ್ಸವ, ರಾಜಕೀಯ ಮೆರವಣಿಗೆಗಳಲ್ಲಿ ಪಟಾಕಿ ಬೇಡ ಅಂತ ತೀರ್ಮಾನ ಮಾಡಿತು. ಸಭೆಯಲ್ಲಿ ಇದನ್ನು ಹೇಳಿ. ಎಲ್ಲ ಪಕ್ಷದವರೂ ಒಟ್ಟಿಗೆ ಸುಮ್ಮನಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಲಿಪಾಡ್ಯಮಿಯ ಮಾತನ್ನೂ ಎತ್ತಿ. ಅವತ್ತು ಬೆಳಿಗ್ಗೆ ಹಸುವಿಗೆ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಗೋಪೂಜೆ ಮಾಡುತ್ತೇವೆ. ಸಂಜೆ ಅದೇ ಹಸುವಿನ ಕಿವಿ ಪಕ್ಕ ಆಟಂ ಬಾಂಬ್. ನಮ್ಮ ಹಾಲಿನವರು ಸಭೆಗೆ ಬಂದು ಹೇಳಿದ್ದು ಎರಡೇ ಮಾತು: "ಹಬ್ಬದ ಮೂರು ದಿನ ಹಾಲು ಇಳಿಸಲ್ಲ ಸಾರ್. ನಿಮ್ಗೆ ನೀರು ಅನ್ಸುತ್ತೆ, ನಮ್ಗೆ ನಷ್ಟ." ನನ್ನ ಎಲ್ಲ ಡೆಸಿಬಲ್ ಲೆಕ್ಕಕ್ಕಿಂತ ಅದು ಚೆನ್ನಾಗಿ ನಾಟಿತು.

ಠರಾವು ಉದ್ದ ಬೇಡ. ನಮ್ಮದು ಇಷ್ಟೇ ಇತ್ತು:

"ಪಟಾಕಿ ಹೊಡೆಯುವುದು ನೀರಿನ ಟ್ಯಾಂಕ್ ಹಿಂದಿನ ಮೈದಾನದಲ್ಲಿ ಮಾತ್ರ. ರಾತ್ರಿ 8ರಿಂದ 10. ಹಸಿರು ಪಟಾಕಿ ಮಾತ್ರ. ಸರಪಟಾಕಿ ಇಲ್ಲ. ಮಕ್ಕಳ ಜೊತೆ ಮನೆಯ ದೊಡ್ಡವರು ಒಬ್ಬರು ಇರಬೇಕು. ಮನೆ ಮುಂದೆ ಸುರುಸುರು ಬತ್ತಿ, ಹೂಕುಂಡ, ನೆಲಚಕ್ರ ಹಚ್ಚಬಹುದು, ಅದೂ 10ರವರೆಗೆ. ಈ ನಿಯಮ ವರ್ಷದ ಎಲ್ಲ ದಿನಕ್ಕೂ."

ಹಸಿರು ಪಟಾಕಿ ಅಂದರೆ ಏನು ಅಂತ ಹೆಜ್ಜೆ 6ರಲ್ಲಿ ಹೇಳುತ್ತೇನೆ. ಮನೆ ಮುಂದಿನ ರಿಯಾಯಿತಿಗೆ ತುಂಬಾ ಜಗಳ ಆಯಿತು. ನಾನು ಅದರ ಪರ. ಐದು ವರ್ಷದ ಮಗು ತನ್ನ ಮನೆ ಬಾಗಿಲಲ್ಲಿ ಹೂಕುಂಡ ನೋಡಬಾರದು ಅಂದರೆ ಯಾವ ತಾಯಿಯೂ ನಿಮ್ಮ ಜೊತೆ ನಿಲ್ಲುವುದಿಲ್ಲ.

ದಂಡದ ಮಾತು ಬಂದರೆ ಹುಷಾರು. ಸಂಘದ ಬೈಲಾದಲ್ಲಿ ಇಲ್ಲದ ದಂಡ ಹಾಕಲು ನಿಮಗೆ ಅಧಿಕಾರವಿಲ್ಲ. ಯಾರ ಕೈಯಿಂದಲೂ ಪಟಾಕಿ ಕಿತ್ತುಕೊಳ್ಳಬೇಡಿ.

ಹೆಜ್ಜೆ 5: ಪತ್ರಗಳು

ಮೂರು ವಾರ ಇರುವಾಗ ಮೂರು ಪ್ರತಿ ಮಾಡಿಸಿ. ಪೊಲೀಸ್ ಠಾಣೆ, ಅಗ್ನಿಶಾಮಕ ಠಾಣೆ, ಪಾಲಿಕೆ ಅಥವಾ ಗ್ರಾಮ ಪಂಚಾಯ್ತಿ. ಪ್ರತಿಯೊಂದಕ್ಕೂ ಸೀಲು ಹಾಕಿದ ಸ್ವೀಕೃತಿ ತೆಗೆದುಕೊಳ್ಳಿ. ಮೈದಾನ ಯಾರದ್ದೋ ಆಗಿದ್ದರೆ ಅವರ ಒಪ್ಪಿಗೆ ಬರವಣಿಗೆಯಲ್ಲಿ. ಪತ್ರ ಹೀಗಿರಲಿ:

"ಮಾನ್ಯರೇ, ನಮ್ಮ ಬಡಾವಣೆಯ ನಿವಾಸಿಗಳು ಈ ದೀಪಾವಳಿಗೆ ಇಂಥ ಮೈದಾನದಲ್ಲಿ, ಇಂಥ ದಿನಗಳಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಒಟ್ಟಾಗಿ ಹಸಿರು ಪಟಾಕಿ ಹಚ್ಚಲು ತೀರ್ಮಾನಿಸಿದ್ದೇವೆ. ಠರಾವಿನ ಪ್ರತಿ ಲಗತ್ತಿಸಿದೆ. ಆ ಹೊತ್ತಿನಲ್ಲಿ ಗಸ್ತು ವಾಹನ ಒಮ್ಮೆ ಈ ಕಡೆ ಬರಲಿ ಎಂದು ಕೋರುತ್ತೇವೆ. ಸ್ಥಳದ ಜವಾಬ್ದಾರರ ಹೆಸರು, ಮೊಬೈಲ್ ಸಂಖ್ಯೆ ಕೆಳಗಿದೆ."

2018ರ ತೀರ್ಪಿನಲ್ಲಿ ಇನ್ನೊಂದು ಸಾಲಿದೆ. ಆದೇಶ ಮೀರಿದರೆ ಆ ಠಾಣೆಯ ಅಧಿಕಾರಿಯೇ ಖುದ್ದು ಹೊಣೆ. ಇದನ್ನು ಠಾಣೆಗೆ ಹೋಗಿ ದಬಾಯಿಸಿ ಹೇಳಿದರೆ ಕೆಲಸ ಕೆಡುತ್ತದೆ. ಪತ್ರದ ಕೊನೆಗೆ ತೀರ್ಪಿನ ದಿನಾಂಕ ಬರೆದುಬಿಡಿ, ಗೊತ್ತಾಗುವವರಿಗೆ ಗೊತ್ತಾಗುತ್ತದೆ.

ಕೊಡಗು, ಸಕಲೇಶಪುರದ ಕಡೆಯವರಿಗೆ ಒಂದು ಮಾತು. ತೋಟಕ್ಕೆ ಬಂದ ಆನೆ ಓಡಿಸಲು ಅರಣ್ಯ ಇಲಾಖೆಯವರೂ ಪಟಾಕಿ ಸಿಡಿಸುತ್ತಾರೆ. ಆ ಸದ್ದಿಗೂ ಹಬ್ಬದ ಸದ್ದಿಗೂ ಗೊಂದಲ ಆಗಬಾರದು. ನಿಮ್ಮ ದಿನ, ಹೊತ್ತನ್ನು ವಲಯ ಅರಣ್ಯ ಕಚೇರಿಗೂ ತಿಳಿಸಿ. ಕಾಡಂಚಿನಲ್ಲಿ ಹಬ್ಬದ ರಾತ್ರಿ ಬೆದರಿದ ಆನೆ ಯಾವ ದಿಕ್ಕಿಗೆ ಹೋಗುತ್ತದೆ ಅಂತ ಯಾರೂ ಹೇಳಲಾರರು.

ಹೆಜ್ಜೆ 6: ಖರೀದಿ

ಹಸಿರು ಪಟಾಕಿ ಅಂದರೆ ಹಸಿರು ಬಣ್ಣದ ಡಬ್ಬಿ ಅಲ್ಲ. ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನ ನಾಗಪುರದ ನೀರಿ ಪ್ರಯೋಗಾಲಯ ರೂಪಿಸಿದ ಮಿಶ್ರಣ, 2019ರಲ್ಲಿ ಮಾರುಕಟ್ಟೆಗೆ ಬಂತು. ಸ್ವಾಸ್, ಸ್ಟಾರ್, ಸಫಲ್ ಅಂತ ಮೂರು ಬಗೆ. ಹಳೆಯದಕ್ಕಿಂತ ಸುಮಾರು 30 ಶೇಕಡಾ ಕಡಿಮೆ ದೂಳು. ಅಂದರೆ 70 ಶೇಕಡಾ ಇದ್ದೇ ಇದೆ. ಸದ್ದೂ ಇದೆ. ಹಸಿರು ಅಂತ ನಾಯಿಯ ಪಕ್ಕ ಹಚ್ಚಿದರೆ ನಾಯಿಗೆ ಅದರಿಂದ ಏನೂ ಸುಖ ಇಲ್ಲ.

ಡಬ್ಬಿ ಮೇಲೆ ನೀರಿ ಲಾಂಛನ, ಕ್ಯೂಆರ್ ಕೋಡ್ ನೋಡಿ. ಕೋಡ್‌ಗಳಲ್ಲೂ ನಕಲಿ ಇವೆ. ಸ್ಕ್ಯಾನ್ ಮಾಡಿದಾಗ ತಯಾರಕರ ಹೆಸರು, ಪಟಾಕಿ ಹೆಸರು ಡಬ್ಬಿಯ ಮೇಲಿರುವುದಕ್ಕೆ ತಾಳೆಯಾಗಬೇಕು. ಹೆಸರು, ವಿಳಾಸ ಏನೂ ಇಲ್ಲದ ಕಾಗದದ ಉಂಡೆ, ಈರುಳ್ಳಿ ಬಾಂಬ್ ಥರದ್ದು, ಮುಟ್ಟಲೇಬೇಡಿ. 18 ತುಂಬದವರಿಗೆ ಮಾರುವುದು ಸ್ಫೋಟಕಗಳ ಕಾಯ್ದೆ ಪ್ರಕಾರ ತಪ್ಪು. ಮಕ್ಕಳ ಕೈಗೆ ಐನೂರು ಕೊಟ್ಟು "ಹೋಗಿ ತಗೊಂಡ್ ಬಾ" ಅನ್ನಬೇಡಿ.

ಅಂಗಡಿಯನ್ನೂ ಒಮ್ಮೆ ಕಣ್ಣಾಡಿಸಿ. ಹಬ್ಬದ ತಾತ್ಕಾಲಿಕ ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಅಂತರ ಇರಬೇಕು. ಎದುರುಬದುರು ಬಾಗಿಲು ಇರಬಾರದು. ಮಳಿಗೆ ಬೆಂಕಿ ಹತ್ತದ ಸಾಮಾನಿನದ್ದಾಗಿರಬೇಕು. 50 ಮೀಟರ್ ಒಳಗೆ ಪಟಾಕಿ ಹಚ್ಚುವ ಹಾಗಿಲ್ಲ. ಇವೆಲ್ಲ 2008ರ ಸ್ಫೋಟಕಗಳ ನಿಯಮ. ಬಟ್ಟೆಯ ಶಾಮಿಯಾನದ ಕೆಳಗೆ, ನೇತಾಡುವ ಬಲ್ಬಿನ ಪಕ್ಕ ರಾಶಿ ಹಾಕಿದ್ದರೆ ಅಲ್ಲಿ ನಿಲ್ಲಬೇಡಿ. ಸೋವಿ ಸಿಗುತ್ತೆ ಅಂದರೂ.

ಹೆಜ್ಜೆ 7: ಆ ಎರಡು ಗಂಟೆ

ದಾಸ್ತಾನು ಒಂದು ಕಡೆ, ಹಚ್ಚುವುದು ಇನ್ನೊಂದು ಕಡೆ. ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. 2016ರ ಏಪ್ರಿಲ್ 10ರಂದು ಕೇರಳದ ಪುಟ್ಟಿಂಗಲ್ ದೇವಸ್ಥಾನದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2024ರ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 150ಕ್ಕೂ ಹೆಚ್ಚು ಜನ ಗಾಯಗೊಂಡರು. ಎರಡೂ ಕಡೆ ನಡೆದದ್ದು ಒಂದೇ. ಹಚ್ಚಿದ ಸುಡುಮದ್ದಿನ ಕಿಡಿ ಕೂಡಿಟ್ಟ ಸುಡುಮದ್ದಿಗೆ ಬಿತ್ತು. ಬಡಾವಣೆಯಲ್ಲಿ ಅಷ್ಟು ದಾಸ್ತಾನು ಇರುವುದಿಲ್ಲ, ನಿಜ. ಆದರೆ ಇಪ್ಪತ್ತು ಮನೆಯ ಚೀಲಗಳು ಒಂದೇ ಮೇಜಿನ ಮೇಲೆ ಬಾಯಿ ತೆರೆದು ಕೂತಿರುತ್ತವೆ, ಪಕ್ಕದಲ್ಲೇ ಮಗು ಸುರುಸುರು ಬತ್ತಿ ತಿರುಗಿಸುತ್ತಿರುತ್ತದೆ. ನಾವು ಮೊದಲು ಹಾಗೇ ಮಾಡಿದ್ದೆವು. ಈಗ ಮುಚ್ಚಳದ ತಗಡಿನ ಟ್ರಂಕು, ಹಚ್ಚುವ ಜಾಗದಿಂದ 30 ಹೆಜ್ಜೆ ದೂರ, ಗಾಳಿ ಎತ್ತಲಿಂದ ಬೀಸುತ್ತದೋ ಆ ಕಡೆಗೆ. ಒಂದೊಂದೇ ಹೊರಗೆ ಬರುತ್ತದೆ.

ಸುಣ್ಣದ ಪುಡಿಯಲ್ಲಿ ಎರಡು ಗೆರೆ ಹಾಕಿ. ಒಳಗಿನ ಗೆರೆಯೊಳಗೆ ಹಚ್ಚುವವರು ಮಾತ್ರ, ಒಮ್ಮೆಗೆ ಮೂವರು. ನೋಡುವವರು ಹೊರಗಿನ ಗೆರೆಯಾಚೆ, ಕನಿಷ್ಠ 15 ಮೀಟರ್. ಎರಡು ಡ್ರಮ್ ನೀರು, ನಾಲ್ಕು ಬಕೆಟ್ ಮರಳು, ಒಂದು ಹಳೆ ಕಂಬಳಿ. ಸುಟ್ಟ ಸುರುಸುರು ಬತ್ತಿಯ ಕಂಬಿ ಹಾಕಲು ಬೇರೆ ಬಕೆಟ್. ಬರಿಗಾಲಲ್ಲಿ ಅದನ್ನು ತುಳಿದವರಿಗೇ ಗೊತ್ತು. ಹತ್ತಿ ಬಟ್ಟೆ, ಕಾಲಿಗೆ ಶೂ, ಹಚ್ಚುವವರ ಕಣ್ಣಿಗೆ ಸಾದಾ ಪ್ಲಾಸ್ಟಿಕ್ ಕನ್ನಡಕ. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗ್ ಹುಡುಗರು ಕೊಳ್ಳುವ ಪಾರದರ್ಶಕ ಕನ್ನಡಕ ಸಾಕು.

ಹೊತ್ತಿಸಿದ್ದು ಸಿಡಿಯಲಿಲ್ಲ ಅಂದರೆ ಬಗ್ಗಿ ನೋಡುವುದು, ಊದುವುದು, ಕಾಲಿಂದ ಒದೆಯುವುದು, ಈ ಮೂರೇ ನಮ್ಮ ಜನ ಮಾಡುವ ಕೆಲಸ. ಮೂರೂ ಕಣ್ಣಿಗೆ ಕುತ್ತು. ಅರ್ಧ ಗಂಟೆ ಬಿಟ್ಟು, ದೂರದಿಂದಲೇ ಚೆನ್ನಾಗಿ ನೀರು ಹೊಯ್ಯಿರಿ. ಅದನ್ನು ಮತ್ತೆ ಹಚ್ಚಬೇಡಿ.

9.45ಕ್ಕೆ ಒಬ್ಬರು ಸೀಟಿ ಊದಬೇಕು. 10ಕ್ಕೆ ಟ್ರಂಕಿಗೆ ಬೀಗ. ಬೀಗದ ಕೈ ಬಡಾವಣೆಯಲ್ಲಿ ಯಾರಿಗೂ ಎದುರಾಡಲು ಧೈರ್ಯ ಬರದವರ ಹತ್ತಿರ ಇರಲಿ. ನಮ್ಮಲ್ಲಿ ನಿವೃತ್ತ ಗಣಿತ ಮೇಡಂ ಒಬ್ಬರಿದ್ದಾರೆ.

ಹೆಜ್ಜೆ 8: ಮನೆಯ ಪ್ರಾಣಿ, ಬೀದಿಯ ಪ್ರಾಣಿ

ನಾವು ಹೆಚ್ಚೆಂದರೆ 20 ಸಾವಿರ ಹರ್ಟ್ಸ್‌ವರೆಗೆ ಕೇಳುತ್ತೇವೆ. ನಾಯಿ 45 ಸಾವಿರದ ಹತ್ತಿರದವರೆಗೆ, ಬೆಕ್ಕು ಅದಕ್ಕೂ ಮೇಲೆ. ರಾಕೆಟ್ಟಿನ ಸೀಟಿ ನಮಗೆ ಮುಗಿದ ಮೇಲೂ ಅವಕ್ಕೆ ಇರುತ್ತದೆ.

ಸಾಕಿದ ನಾಯಿಗೆ ತಯಾರಿ ತಿಂಗಳ ಮುಂಚೆಯೇ ಶುರುವಾಗಲಿ. ಫೋನಿನಲ್ಲಿ ಪಟಾಕಿ ಸದ್ದು ತೀರಾ ಸಣ್ಣಗೆ ಹಾಕಿ, ಅದೇ ಹೊತ್ತಿಗೆ ಅದಕ್ಕೆ ಇಷ್ಟವಾದ ತಿಂಡಿ ಕೊಡಿ. ದಿನಕ್ಕೆ ಐದು ನಿಮಿಷ. ಕಿವಿ ನಿಮಿರಿಸಿ ತಿನ್ನುವುದು ನಿಲ್ಲಿಸಿದರೆ ಸದ್ದು ಜಾಸ್ತಿ ಆಯಿತು ಅಂತ ಅರ್ಥ, ಇಳಿಸಿ. ಹಬ್ಬದ ದಿನ ಸಂಜೆ ಐದಕ್ಕೇ ವಾಕಿಂಗ್ ಮುಗಿಸಿ, ಸರಪಳಿ ಬಿಡಬೇಡಿ. ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ರಸ್ತೆಯಿಂದ ದೂರದ ಒಳಕೋಣೆ, ಮುಚ್ಚಿದ ಕಿಟಕಿ, ಜೋರು ಫ್ಯಾನು, ಟಿವಿ. ಮಂಚದ ಅಡಿ ಹೋದರೆ ಎಳೆಯಬೇಡಿ, ಅದರ ಜಾಗ ಅದು. ಮುದ್ದು ಮಾಡಿದರೆ ಭಯ ಜಾಸ್ತಿ ಆಗುತ್ತದೆ ಅನ್ನುವುದು ಸುಳ್ಳು. ಹತ್ತಿರ ಬಂದರೆ ಮಡಿಲಿಗೆ ಹಾಕಿಕೊಳ್ಳಿ. ಬೈಯುವುದು, ಕಟ್ಟಿಹಾಕುವುದು ಬೇಡ. ತೀರಾ ನಡುಗುವ ನಾಯಿಯಾದರೆ ಎರಡು ವಾರ ಮುಂಚೆ ಪಶುವೈದ್ಯರನ್ನು ನೋಡಿ. ಮನುಷ್ಯರ ನಿದ್ದೆ ಮಾತ್ರೆ ಅರ್ಧ ಮಾಡಿ ಕೊಡುವುದು ಅಪಾಯ. ಮೈ ಜಡ ಮಾಡಿ ಭಯವನ್ನು ಹಾಗೇ ಉಳಿಸುವ ಔಷಧಗಳೂ ಇವೆ, ಯಾವುದು ಅನ್ನುವುದು ವೈದ್ಯರ ಕೆಲಸ.

ಬೀದಿನಾಯಿಗಳಿಗೆ ಆರು ಗಂಟೆಯೊಳಗೆ ಊಟ ಹಾಕಿ. ಹೊಟ್ಟೆ ತುಂಬಿದ ನಾಯಿ ಅಲೆಯುವುದು ಕಡಿಮೆ. ಎರಡು ಮೂರು ಮನೆಯವರು ಪಾರ್ಕಿಂಗ್ ಗೇಟು ತೆರೆದಿಡಲಿ, ಒಂದು ಗೋಣಿಚೀಲ ಹಾಸಿದರೆ ಸಾಕು. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಚಕ್ರದ ಅಡಿ, ಬಾನೆಟ್ ಕೆಳಗೆ ನೋಡಿ. ಬೆಕ್ಕಿನ ಮರಿಗಳು ಇಂಜಿನ್ ಸಂದಿಯಲ್ಲಿ ಕೂತಿರುತ್ತವೆ.

ಕೊಟ್ಟಿಗೆಯಲ್ಲಿ ಹಸುವನ್ನು ಗಿಡ್ಡ ಹಗ್ಗದಲ್ಲಿ ಬಿಗಿಯಾಗಿ ಕಟ್ಟಬೇಡಿ. ಬೆದರಿ ಎಗರಿದರೆ ಕೊರಳಿಗೆ ಬಿಗಿದುಕೊಳ್ಳುತ್ತದೆ. ಮನೆಯವರು ಒಬ್ಬರು ಪಕ್ಕದಲ್ಲಿ ಕೂತು ಮಾತಾಡುತ್ತಿದ್ದರೆ ಬಹಳ ವ್ಯತ್ಯಾಸ. ನಾಯಿ ಬಾಲಕ್ಕೆ, ಕತ್ತೆ ಕಾಲಿಗೆ ಪಟಾಕಿ ಕಟ್ಟುವುದು ಹುಡುಗಾಟ ಅಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಪ್ರಾಣಿ ಸತ್ತರೆ ಅಥವಾ ಅಂಗ ಊನವಾದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮೂ ಬೀಳುತ್ತದೆ. ಗಾಯಗೊಂಡ ದನ, ನಾಯಿಗೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿಯ ಗಾಡಿ ಅದೇ ನಂಬರಿನದು.

ಹೆಜ್ಜೆ 9: ಯಾರೋ ಮೀರಿದರೆ

ಮೊದಲು ಮೈದಾನಕ್ಕೆ ಕರೆಯಿರಿ. "ಇಲ್ಲಿ ಬೇಡ ಮರಿ, ಅಲ್ಲಿ ಬಾ, ದೊಡ್ಡದಾಗಿ ಕಾಣುತ್ತೆ" ಅಂದರೆ ಹತ್ತರಲ್ಲಿ ಏಳು ಹುಡುಗರು ಬರುತ್ತಾರೆ. ಕುಡಿದವರ ಹತ್ತಿರ ಹೋಗಬೇಡಿ. 10 ದಾಟಿದ ಮೇಲೂ ನಡೆದರೆ 112. ಫೋನಿನಲ್ಲಿ ಭಾಷಣ ಬೇಡ: ಜಾಗ, ಗುರುತು, ಎಷ್ಟು ಹೊತ್ತಿನಿಂದ, ಪಕ್ಕದಲ್ಲಿ ಆಸ್ಪತ್ರೆ ಇದೆಯೇ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಗಡಿಯಾರ ಕಾಣುವ ಹಾಗೆ ಒಂದು ನಿಮಿಷದ ವಿಡಿಯೋ ಸಾಕು, ಮಕ್ಕಳ ಮುಖ ತೆಗೆದು ಗ್ರೂಪಿಗೆ ಹಾಕಬೇಡಿ. ಮೊಬೈಲ್ ಡೆಸಿಬಲ್ ಆಪ್ ನಂಬಬೇಡಿ. ಫೋನಿನ ಮೈಕು ಇಷ್ಟು ಜೋರು, ಇಷ್ಟು ಕ್ಷಣಿಕ ಸದ್ದನ್ನು ಸರಿಯಾಗಿ ಅಳೆಯುವುದಿಲ್ಲ.

ಒಂದು ವರ್ಷ ನಾನು ಮಾಡಿದ ಮೂರು ಕರೆಗೂ ಯಾರೂ ಬರಲಿಲ್ಲ. ಮರುದಿನ ಆ ಮೂರು ದೂರಿನ ಸಂಖ್ಯೆ, ಹೊತ್ತು ಬರೆದು, ಸ್ವೀಕೃತಿ ಇದ್ದ ಹಳೆಯ ಪತ್ರದ ಪ್ರತಿ ಜೋಡಿಸಿ ಮೇಲಿನ ಕಚೇರಿಗೆ ಕೊಟ್ಟೆ. ಮುಂದಿನ ವರ್ಷ ಕರೆಯದೆಯೇ ಗಸ್ತು ಬಂತು.

ಹೆಜ್ಜೆ 10: ಗಾಯವಾದರೆ

ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ನಲ್ಲಿ ನೀರು. ಬಳೆ, ಉಂಗುರ ಬೇಗ ತೆಗೆಯಿರಿ, ಆಮೇಲೆ ಊದುತ್ತದೆ. ಪೇಸ್ಟು, ಇಂಕು, ಬೆಣ್ಣೆ, ಐಸು ಯಾವುದೂ ಬೇಡ. ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ.

ಕಣ್ಣು ಉಜ್ಜಬಾರದು. ಬರಿ ಪುಡಿ ಬಿದ್ದಿದ್ದರೆ ಶುದ್ಧ ನೀರಲ್ಲಿ ಚೆನ್ನಾಗಿ ತೊಳೆಯಿರಿ. ರಕ್ತ ಬಂದಿದ್ದರೆ, ಏನಾದರೂ ಚುಚ್ಚಿಕೊಂಡಿದ್ದರೆ ತೊಳೆಯಬೇಡಿ, ಕೀಳಬೇಡಿ, ಒತ್ತಬೇಡಿ. ಕಾಗದದ ಲೋಟದ ತಳದ ಭಾಗ ಕತ್ತರಿಸಿಕೊಂಡು, ಅದನ್ನು ಕಣ್ಣ ಮೇಲೆ ಗೂಡಿನ ಹಾಗೆ ಇಟ್ಟು ಟೇಪ್ ಹಾಕಿ, ನೇರ ಕಣ್ಣಾಸ್ಪತ್ರೆಗೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಪ್ರತಿ ದೀಪಾವಳಿಗೂ ಇಂಥವರು ಬರುತ್ತಾರೆ. ಹಚ್ಚಿದವರಷ್ಟೇ ಅಲ್ಲ, ಸುಮ್ನೆ ನಿಂತು ನೋಡುತ್ತಿದ್ದವರು, ಹಾಲು ತರಲು ಹೋಗುತ್ತಿದ್ದವರು ಕೂಡ. ಹತ್ತಿರದ ರಾತ್ರಿ ತೆರೆದಿರುವ ಕಣ್ಣಾಸ್ಪತ್ರೆ ಯಾವುದು ಅಂತ ಮೊದಲೇ ಫೋನ್ ಮಾಡಿ ಕೇಳಿ, ಟ್ರಂಕಿನ ಮುಚ್ಚಳದ ಒಳಗೆ ಬರೆದು ಅಂಟಿಸಿ.

ಹೆಜ್ಜೆ 11: ಮರುದಿನ ಬೆಳಿಗ್ಗೆ

ಏಳು ಗಂಟೆಗೆ ಹಿಂದಿನ ರಾತ್ರಿ ಹಚ್ಚಿದವರೇ ಗುಡಿಸಲು ಬರಬೇಕು. ಇದನ್ನೂ ಠರಾವಿನಲ್ಲಿ ಬರೆಯಿರಿ. ಪೌರಕಾರ್ಮಿಕರು ಬರುವ ಮುಂಚೆ ಸಿಡಿಯದ್ದನ್ನೆಲ್ಲ ಬೇರೆ ಆರಿಸಿ, ಒಂದಿಡೀ ದಿನ ಬಕೆಟ್ ನೀರಲ್ಲಿ ಮುಳುಗಿಸಿಡಿ. ಹುಡುಗರು ಅರ್ಧ ಸುಟ್ಟವನ್ನು ಹುಡುಕಿ, ಮದ್ದು ಸುರಿದು ಹಚ್ಚುವುದು ಇದೇ ಬೆಳಿಗ್ಗೆ. ದನಗಳು ಮದ್ದು ಮೆತ್ತಿದ ಕಾಗದ ಮೇಯುವುದೂ ಇದೇ ಬೆಳಿಗ್ಗೆ. ಒಣಎಲೆ ಜೊತೆ ರಾಶಿ ಹಾಕಿ ಬೆಂಕಿ ಕೊಡಬೇಡಿ, ಒಳಗೆ ಒಂದು ಬಾಂಬ್ ಉಳಿದಿದ್ದರೂ ಸಾಕು. ನೆನೆಸಿದ್ದನ್ನು ಬೇರೆ ಚೀಲಕ್ಕೆ ಕಟ್ಟಿ, "ಪಟಾಕಿ" ಅಂತ ದಪ್ಪ ಅಕ್ಷರದಲ್ಲಿ ಬರೆದು, ಕಸದ ಗಾಡಿಯವರ ಕೈಗೇ ಹೇಳಿ ಕೊಡಿ.

ನಾವು ಗುಡಿಸುವಾಗ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬರೆಯುತ್ತೇವೆ. ಎಷ್ಟು ಮನೆ ಬಂತು, 10ರ ಮೇಲೆ ಎಷ್ಟು ಸದ್ದು, ಯಾರಿಗೆ ಏಟಾಯಿತು, ಯಾವ ನಾಯಿ ಕಾಣುತ್ತಿಲ್ಲ. ಹೋದ ವರ್ಷದ ಪುಟದಲ್ಲಿ ಅಜ್ಜಿ ತಾನೇ ಪೆನ್ನು ತೆಗೆದುಕೊಂಡು ಒಂದು ಸಾಲು ಸೇರಿಸಿದ್ದಾರೆ: "ಕರಿಯ ನಮ್ಮ ಜಗಲಿ ಮೇಲೇ ಮಲಗಿತ್ತು. ಎರಡು ಸಲ ಎದ್ದಿತು."